ಶೋಕದ ಬಟ್ಟೆಗೆ ಬಂದ ಕೆಂಪು

ಊಟ ಮುಗಿಸಿ ಬಂದು, ಮಗ್ಗಕ್ಕೆ ಹೊದಿಸಿದ್ದ ಬಿಳಿ ದುಪ್ಪಟಿಯನ್ನು ಲೈನೆ ಎತ್ತಿದಳು. ಎತ್ತಿದ ಕೈ ಅಲ್ಲೇ ನಿಂತಿತು. ಬೆಳಿಗ್ಗೆ ಅದೇ ಬಟ್ಟೆಯನ್ನು ಎಲ್ಲರೂ ನೋಡಿದ್ದರು. ಕಪ್ಪು, ಕಡುನೀಲಿ, ಮತ್ತೆ ಕಪ್ಪು. ಬೇರೆ ಬಣ್ಣದ ಸುಳಿವೇ ಇರಲಿಲ್ಲ. ಈಗ ನೇಯ್ಗೆ ನಿಂತಿದ್ದ ಜಾಗದಲ್ಲಿ, ಈ ಅಂಚಿನಿಂದ ಆ ಅಂಚಿನವರೆಗೆ, ಬೆರಳಗಲದ ಒಂದು ಕೆಂಪು ಪಟ್ಟೆ ಕೂತಿತ್ತು.

ಪೇಟೆಯಿಂದ ಬಂದಿದ್ದ ಪಿಲ್ಲೆ ಎಂಬ ಹುಡುಗಿ, ಈಗ ಬಟ್ಟೆಗೆ ಕಳೆ ಬಂತು ಎಂದಳು. ಪಾಪ, ಅವಳಿಗೇನು ಗೊತ್ತು. ಅವಳ ಹಿಂದೆ ನಿಂತಿದ್ದ ಸಾಲ್ಮೆ ಮಾತ್ರ ಪಕ್ಕದಲ್ಲಿದ್ದ ಗೆಳತಿ ಒಟ್ಟಿಲಿಯ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಕಿಹ್ನು ದ್ವೀಪದಲ್ಲಿ ಹೆಂಗಸಿನ ಲಂಗ ನೋಡಿದರೆ ಸಾಕು, ಅವಳ ಮನೆಯ ಸುಖದುಃಖ ತಿಳಿಯುತ್ತದೆ. ಬೆಳಿಗ್ಗೆ ಲೈನೆಯೇ ಅದನ್ನು ಪೇಟೆಯ ಹೆಂಗಸರಿಗೆ ಹೇಳಿಕೊಟ್ಟಿದ್ದಳು. ಮನೆ ನಗುತ್ತಿರುವಾಗ ಲಂಗದ ತುಂಬ ಕೆಂಪು ಪಟ್ಟೆ. ಸಾವು ಬಂದರೆ ಪೂರಾ ಕಪ್ಪು. ದುಃಖ ಇಳಿದ ಹಾಗೆಲ್ಲ ಪ್ರತಿ ಹೊಸ ಲಂಗದಲ್ಲೂ ಕೆಂಪು ಒಂದೊಂದೇ ಗೆರೆಯಾಗಿ ವಾಪಸು ಬರುತ್ತದೆ. ಆ ಮೊದಲ ಗೆರೆಯನ್ನು ಯಾವಾಗ ಹಾಕಬೇಕೆಂದು ನೇಯುವವಳೇ ನಿರ್ಧರಿಸಬೇಕು. ಇನ್ನೊಬ್ಬರ ಶೋಕದ ಬಟ್ಟೆಗೆ ಕೆಂಪು ಹಾಕುವುದೆಂದರೆ, ನಿನ್ನ ಅಳು ಸಾಕು ನಿಲ್ಲಿಸು ಎಂದು ಮುಖಕ್ಕೆ ಹೊಡೆದಂತೆ.

ಲೈನೆಯ ಗಂಡ ಎಂಡೆಲ್ ಎರಡು ಶರತ್ಕಾಲಗಳ ಹಿಂದೆ ಕಡಲಿಗೆ ಹೋದವನು ತಿರುಗಿ ಬರಲಿಲ್ಲ. ಹೆಣವೂ ಸಿಗಲಿಲ್ಲ. ಒಂದು ಕರಿ ಲಂಗ ಉಟ್ಟು ಸವೆಸಿದ ಮೇಲೆ ಇನ್ನಾದರೂ ಕೆಂಪು ಬಂದೀತೆಂದು ಊರು ಕಾದಿತ್ತು. ಅವಳು ಎರಡನೆಯದಕ್ಕೂ ಮಗ್ಗಕ್ಕೆ ಕಪ್ಪನ್ನೇ ಹೂಡಿದ್ದಳು.

ಲೈನೆ ಕೂಗಾಡಲಿಲ್ಲ. ಕತ್ತರಿ ತೆಗೆದುಕೊಂಡು, ಕೆಂಪು ಎಳೆಗಳನ್ನು ಕತ್ತರಿಸಿ ಕತ್ತರಿಸಿ ಕಿತ್ತಳು. ಉಂಡೆ ಮಾಡಿ, ಚಳಿಗೆಂದು ಉರಿಯುತ್ತಿದ್ದ ಒಲೆಯ ಬಾಗಿಲು ತೆರೆದು ಒಳಗೆಸೆದಳು. ಉಣ್ಣೆ ಸುಟ್ಟ ಕಮಟು ವಾಸನೆ ಕೋಣೆ ತುಂಬಿತು. ಆಮೇಲೆ ಒಟ್ಟಿಲಿಯ ಕಡೆ ತಿರುಗಿದಳು.

"ಅಕ್ಕಾ, ನೀವು ಪೊಲೀಸ್ ಕೆಲಸದಲ್ಲಿದ್ದೋರು. ಇದು ಯಾರ ಕೆಲಸ ಅಂತ ಸಂಜೆ ದೋಣಿ ಹೊರಡೋದರೊಳಗೆ ಹೇಳಿ. ಈ ಮನೆಯೋರದೇ ಆಗಿದ್ರೆ ನಾನು ಇವತ್ತೇ ಪ್ಯಾರ್ನುವಿಗೆ ಹೋಗ್ತೀನಿ, ನಮ್ಮಕ್ಕನ ಮನೆಗೆ. ಮತ್ತೆ ಈ ಹೊಸಿಲು ತುಳಿಯಲ್ಲ."

ಈ ಮನೆಯವರು ಅಂದರೆ ಇನ್ಯಾರು, ಒಬ್ಬಳೇ ಒಬ್ಬಳು: ಎಂಡೆಲ್‌ನ ತಾಯಿ ಅಗಾಟೆ.

ಒಟ್ಟಿಲಿಯ ಬಗ್ಗೆ ಎರಡು ಮಾತು ಹೇಳಬೇಕು. ಈ ದ್ವೀಪದಲ್ಲೇ ಹುಟ್ಟಿ, ಎಳೆ ವಯಸ್ಸಿಗೇ ಕಡಲಾಚೆಯ ಪೇಟೆ ಪ್ಯಾರ್ನುವಿನ ಪೊಲೀಸ್ ಇಲಾಖೆ ಸೇರಿ, ಕಳ್ಳಕಾಕರ ಹಿಂದೆ ಓಡಾಡಿ ಕೂದಲು ಬೆಳ್ಳಗೆ ಮಾಡಿಕೊಂಡು ಊರಿಗೆ ಮರಳಿದವಳು. ಬಂದಮೇಲೂ ಸುಮ್ಮನೆ ಕೂರಲಿಲ್ಲ. ಕಳುವಾದ ದೋಣಿ ಎಂಜಿನ್ನು, ಚರ್ಚಿನ ಗಂಟೆಯ ಹಗ್ಗ, ಯಾರದೋ ಹೊಗೆಮೀನಿನ ಬುಟ್ಟಿ, ಎಲ್ಲದಕ್ಕೂ ಜನ ಇವಳ ಬಾಗಿಲಿಗೇ ಬರುತ್ತಿದ್ದರು. ಇವಳು ಮೋಟಾರುಬೈಕು ಓಡಿಸಿದರೆ ಅದರ ಪಕ್ಕಕ್ಕೆ ಜೋಡಿಸಿದ ತೊಟ್ಟಿಲಿನಂಥ ಸೀಟಿನಲ್ಲಿ ವಿಧವೆ ಸಾಲ್ಮೆ ಬುಟ್ಟಿ ಹಿಡಿದು ಕೂತಿರುತ್ತಿದ್ದಳು. ಇಂಥ ಒಟ್ಟಿಲಿಗೆ ಬಾರದ ವಿದ್ಯೆಯೆಂದರೆ ನೇಯ್ಗೆ. ಕಿಹ್ನುವಿನಲ್ಲಿ ಹುಟ್ಟಿ ಮಗ್ಗ ಮುಟ್ಟದವಳು ಎಂದು ಸಾಲ್ಮೆ ಕಾಡಿ ಕಾಡಿ, ಲೈನೆ ಪೇಟೆಯವರಿಗೆಂದು ನಡೆಸುವ ಒಂದು ದಿನದ ನೇಯ್ಗೆ ಶಿಬಿರಕ್ಕೆ ಇವತ್ತು ಎಳೆದು ತಂದಿದ್ದಳು. ಊಟದ ಹೊತ್ತಿಗೆ ಒಟ್ಟಿಲಿ ನೇಯ್ದಿದ್ದ ನಡುಪಟ್ಟಿ ಮಧ್ಯಕ್ಕೆ ಬರುವಷ್ಟರಲ್ಲಿ ಅರ್ಧ ಸಣ್ಣಗಾಗಿತ್ತು. ಹೊಸಬರ ಕೈಯಲ್ಲಿ ಅಂಚು ಒಳಕ್ಕೆಳೆದುಕೊಳ್ಳುವುದೇ ಹಾಗೆ ಎಂದು ಲೈನೆ ಸಮಾಧಾನ ಮಾಡಿದ್ದಳು.

ಒಟ್ಟಿಲಿ ಈಗ ಕನ್ನಡಕ ಏರಿಸಿ ದೊಡ್ಡ ಮಗ್ಗದ ಮೇಲೆ ಬಾಗಿದಳು. ಕೆಂಪು ಹೋದ ಜಾಗ ಹಲ್ಲುದುರಿದ ಬಾಯಂತೆ ಬೋಳಾಗಿತ್ತು. ಅದರ ಮೇಲಕ್ಕೆ, ಪಟ್ಟೆ ಸಡಿಲವಾಗದಿರಲೆಂದು ಹಾಕಿದ ಎರಡು ಎಳೆ ಹಾಗೇ ಉಳಿದಿದ್ದವು. ಸಾಲ್ಮೆ ಕಣ್ಣು ಕಿರಿದಾಗಿಸಿ ನೋಡಿದಳು. ಅವು ಕಪ್ಪಲ್ಲ, ಕಡುಹಸಿರು. ಪೇಟೆಯವರ ಚಿಕ್ಕ ಮಗ್ಗಗಳಿಗೆಂದು ಲೈನೆ ಸುತ್ತಿಟ್ಟ ಹಸಿರು ಲಾಳಿ ದೊಡ್ಡ ಮಗ್ಗದ ಮಣೆಯ ಮೇಲೆ ಕಪ್ಪು ಲಾಳಿಯ ಪಕ್ಕದಲ್ಲೇ ಬಿದ್ದಿತ್ತು.

ನೆಲದ ಮೇಲೆ ಗೇಣುದ್ದದ ಒಂದು ಕೆಂಪು ಎಳೆ ಲೈನೆಯ ಕಣ್ಣಿಗೆ ಬೀಳದೆ ಉಳಿದಿತ್ತು. ಒಟ್ಟಿಲಿ ಅದನ್ನು ಹೆಕ್ಕಿ ಕನ್ನಡಕದ ಡಬ್ಬಿಯೊಳಗಿಟ್ಟು, ಸಾಲ್ಮೆಯನ್ನು ಅಂಗಳಕ್ಕೆ ಕರೆದೊಯ್ದಳು.

"ನೋಡು. ಬುಟ್ಟಿಯಲ್ಲಿರೋ ಕೆಂಪು ನೂಲು ನೆಟ್ಟಗಿದೆ. ಇದು ಯಾಕೆ ಹೀಗೆ ಸಣ್ಣಸಣ್ಣಗೆ ಬಳುಕಿದೆ?"

"ಹೆಣೆದಿದ್ದನ್ನ ಬಿಚ್ಚಿದ ನೂಲು ಕಣೇ. ತುಂಬ ದಿನ ಹೆಣಿಗೆಯಲ್ಲಿ ಇತ್ತು ಅಂದ್ರೆ ಒದ್ದೆ ಮಾಡೋವರೆಗೂ ಆ ಗುಂಗುರು ಹೋಗಲ್ಲ. ಇಷ್ಟೂ ಗೊತ್ತಿಲ್ವಾ ನಿನಗೆ?"

"ಗೊತ್ತಿದ್ರೆ ನಿನ್ನನ್ಯಾಕೆ ಕಟ್ಕೊಂಡು ತಿರುಗ್ತಿದ್ದೆ. ಮತ್ತೆ ಈ ಉಬ್ಬು ಏನು?"

ಎಳೆಯ ನಡುವೆ ಒಂದು ಕಡೆ ಸ್ವಲ್ಪ ದಪ್ಪಗಿತ್ತು. ಎರಡು ತುಂಡಿನ ತುದಿಗಳನ್ನು ಎಂಜಲು ಹಚ್ಚಿ ಅಂಗೈಯಲ್ಲಿ ಹೊಸೆದು ಕೂಡಿಸಿದ ಜಾಗ ಅದು. ಗಂಟು ಹಾಕದೆ ಹೀಗೆ ಹೊಸೆಯುವುದು ಹಳೆಯ ಕಾಲದವರ ಪದ್ಧತಿ. ಸಾಲ್ಮೆಗೂ ಹಿಲ್ಯಾಳಿಗೂ ಬರುತ್ತಿತ್ತು. ಸಾಲ್ಮೆ ಅಷ್ಟನ್ನು ಹೇಳಿದಳು.

ಹಿಲ್ಯಾ ಪಕ್ಕದ ಮನೆಯವಳು. ಶಿಬಿರದ ದಿನ ಅಡುಗೆಗೆ ಬರುತ್ತಿದ್ದಳು. ನಾಲಿಗೆ ಸ್ವಲ್ಪ ಹರಿತ. ಅವಳ ತಮ್ಮ ಕಾರೆಲ್ ಪೇಟೆಗೆ ಓಡಾಡುವ ದೊಡ್ಡ ದೋಣಿಯ ಎಂಜಿನ್ ನೋಡಿಕೊಳ್ಳುವವನು. ಲೈನೆಯನ್ನು ಮದುವೆಯಾಗುತ್ತೀಯಾ ಎಂದು ಕೇಳಿ ಉತ್ತರಕ್ಕೆ ಕಾಯುತ್ತಿದ್ದ. ಊಟದ ನಡುವೆ ಹಿಲ್ಯಾ ರೊಟ್ಟಿ ತರುತ್ತೇನೆಂದು ಎದ್ದು ಹೋಗಿ ತುಸು ತಡವಾಗಿ ಬಂದದ್ದನ್ನು ಸಾಲ್ಮೆ ಗಮನಿಸಿದ್ದಳು. ಅವಳ ಮನಸ್ಸು ಅಲ್ಲಿಗೇ ಹೋಗಿ ನಿಂತಿತ್ತು.

ಅಡುಗೆಮನೆಯಲ್ಲಿ ಹಿಲ್ಯಾ ಪಾತ್ರೆ ತಿಕ್ಕುತ್ತ ಒಟ್ಟಿಲಿಯ ಪ್ರಶ್ನೆಗಳಿಗೆ ಮುಖ ತಿರುಗಿಸದೆಯೇ ಉತ್ತರಿಸಿದಳು. ರೊಟ್ಟಿ ತಂದೆ, ಹಾಗೇ ಅಗಾಟೆಯಮ್ಮನ ಕೋಣೆಗೆ ಮೀನಿನ ಸಾರು ಕೊಟ್ಟು ಬಂದೆ, ಅದಕ್ಕೇ ತಡವಾಯಿತು ಎಂದಳು. ಮುದುಕಿ ಕೋಣೆಯಲ್ಲಿರಲಿಲ್ಲ, ಹಿತ್ತಲಿಗೆ ಹೋಗಿರಬೇಕೆಂದು ಬಟ್ಟಲನ್ನು ಕಿಟಕಿಯ ಮೇಲಿಟ್ಟು ಬಂದಳಂತೆ. ಬಟ್ಟಲು ತುಂಬಿದ್ದು ತುಂಬಿದ ಹಾಗೇ ವಾಪಸು ಬಂದಿತ್ತು. ಆಮೇಲೆ ದನಿ ತಗ್ಗಿಸಿ, ಲೈನೆಯೇ ಕೆಂಪು ಹಾಕಿಕೊಂಡು ಈಗ ನಾಟಕ ಆಡುತ್ತಿರಬಹುದು ಎಂದೂ ಸೇರಿಸಿದಳು.

"ನಿನಗೆ ಆ ಕೆಂಪು ಬೇಕಿತ್ತು ಅಲ್ವಾ?" ಒಟ್ಟಿಲಿ ಕೇಳಿದಳು.

ಹಿಲ್ಯಾ ಕೈ ನಿಲ್ಲಿಸಿದಳು. "ಬೇಕಿತ್ತು. ಯಾಕೆ ಸುಳ್ಳು ಹೇಳಲಿ? ನನ್ನ ತಮ್ಮ ಒಳಗೊಳಗೇ ಸಣ್ಣಗಾಗ್ತಿದಾನೆ. ಅತ್ತೆ ಕಪ್ಪಲ್ಲಿರೋವರೆಗೂ ನಾನು ಕೆಂಪು ಉಡಲ್ಲ ಅಂತಾಳಂತೆ ಲೈನೆ. ಹೋದ ಭಾನುವಾರ ಚರ್ಚಿಂದ ಬರ್ತಾ ಅಗಾಟೆಯಮ್ಮಂಗೆ ಹೇಳಿಬಿಟ್ಟೆ, ನಿಮ್ಮ ಸೊಸೆ ಮತ್ತೆ ಕರಿ ಬಟ್ಟೇನೇ ಹೂಡಿದಾಳೆ, ನಿಮ್ಮ ಮೇಲಿನ ಭಯಕ್ಕೆ ಅಂತ. ಆಯಮ್ಮನ ಕಣ್ಣಿಗೆ ಪೊರೆ ಬಂದಿದೆ, ಸೊಸೆ ಏನು ಉಟ್ಟಿದಾಳೆ ಅಂತಾನೂ ಕಾಣಲ್ಲ. ಆದ್ರೆ ಮಗ್ಗ ಮುಟ್ಟಿದೋಳು ನಾನಲ್ಲ."

ಪಿಲ್ಲೆಯನ್ನು ಮಾತಾಡಿಸುವುದು ಬೇಗ ಮುಗಿಯಿತು. ಬೆಳಿಗ್ಗೆ ಈ ಬಟ್ಟೆಗೊಂದು ಕೆಂಪು ಗೆರೆ ಇರಬಾರದಿತ್ತಾ ಎಂದು ಕೇಳಿದ್ದವಳು ಅವಳೇ. ಊಟದ ನಂತರ ಸಿಗರೇಟಿಗೆಂದು ಒಬ್ಬಳೇ ಹೊರಗೂ ಹೋಗಿದ್ದಳು. ಈಗ ವಿಷಯ ತಿಳಿದು ಅಳುಮುಖ ಮಾಡಿಕೊಂಡು ಕೂತಿದ್ದಳು. ಒಟ್ಟಿಲಿ ಅವಳು ನೇಯ್ದ ಪಟ್ಟಿಯನ್ನು ಕೈಯಲ್ಲಿ ಹಿಡಿದು ನೋಡಿ, ತನ್ನದಕ್ಕಿಂತ ಸೊಟ್ಟಗಿರುವುದನ್ನು ಕಂಡು ತುಸು ಸಂತೋಷಪಟ್ಟಂತೆ ಕಂಡಳು.

ಅಗಾಟೆಯ ಕೋಣೆ ಮನೆಯ ಆ ತುದಿಗಿತ್ತು. ಮಗ್ಗದ ಕೋಣೆಗೂ ಅದಕ್ಕೂ ನಡುವೆ ಒಂದು ಚಿಕ್ಕ ಉಗ್ರಾಣ. ಅದರ ಬಾಗಿಲು ದೊಡ್ಡ ಮಗ್ಗದ ಹಿಂದೆಯೇ ತೆರೆಯುತ್ತಿತ್ತು. ಮುದುಕಿ ಹಾಸಿಗೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಕಾಲ ಸಪ್ಪಳಕ್ಕೇ ಸಾಲ್ಮೆಯ ಗುರುತು ಹಿಡಿದಳು. ಆ ಕೋಣೆಗೆ ಬರುವಾಗಲೆಲ್ಲ ಸಾಲ್ಮೆಗೆ ಆ ಶರತ್ಕಾಲದ ದಿನ ನೆನಪಾಗುತ್ತಿತ್ತು.

ಕಡಲಿಗೆ ಹೋಗುವ ಗಂಡಸಿನ ಸ್ವೆಟರಿನ ಕೆಳ ಅಂಚಿಗೆ ಕೆಂಪು ಪಟ್ಟೆ ಹೆಣೆಯುವುದು ಕಿಹ್ನುವಿನಲ್ಲಿ ರಕ್ಷೆಗೆಂದು. ಮದುವೆಗೆ ಮುಂಚೆ ಲೈನೆ ಎಂಡೆಲ್‌ಗೆ ಹೆಣೆದುಕೊಟ್ಟದ್ದೂ ಅಂಥದ್ದೇ. ಅವನು ಮುಳುಗಿದ ದಿನ ಆ ಸ್ವೆಟರು ಅವನ ಮೈಮೇಲಿರಲಿಲ್ಲ. ಲೈನೆ ಹಿಂದಿನ ದಿನ ಒಗೆದು ಹಾಕಿದ್ದು ಒಣಗದೆ ಹಗ್ಗದ ಮೇಲೆ ನೇತಾಡುತ್ತಿತ್ತು. ಅವನು ಹಳೆಯ ಬೂದು ಸ್ವೆಟರು ಹಾಕಿಕೊಂಡು ಹೋದ. ಹೆಣವಿಲ್ಲದ ಪ್ರಾರ್ಥನೆ ಮುಗಿದ ಮೇಲೆ ಚರ್ಚಿನ ಅಂಗಳದಲ್ಲಿ, ಊರೆಲ್ಲ ನಿಂತಿರುವಾಗ, ಅಗಾಟೆ ಸೊಸೆಗೆ ಹೇಳಿದ್ದಳು: ನನ್ನ ಮಗನ ರಕ್ಷೆಯನ್ನು ನೀನು ನೀರಲ್ಲಿ ನೆನೆಸಿಟ್ಟೆ. ಅಷ್ಟೇ ಮಾತು. ಆಮೇಲೆ ಹಗ್ಗದ ಮೇಲಿದ್ದ ಸ್ವೆಟರನ್ನು ತೆಗೆದುಕೊಂಡು ಹೋಗಿ ತನ್ನ ದಿಂಬಿನ ಕೆಳಗಿಟ್ಟುಕೊಂಡಳು. ಒಂದೇ ಸೂರಿನಡಿ ಎರಡು ವರ್ಷ ಇಬ್ಬರೂ ಉಪ್ಪು ಕೊಡು, ಬಾಗಿಲು ಹಾಕು ಎನ್ನುವುದನ್ನು ಬಿಟ್ಟು ಬೇರೆ ಮಾತಾಡಿರಲಿಲ್ಲ.

ಸಂಜೆ ದೋಣಿಗೆ ಮುಂಚೆ ಎಲ್ಲರೂ ಮಗ್ಗದ ಕೋಣೆಯಲ್ಲಿ ಸೇರುತ್ತಿದ್ದಾರೆ, ನೀವೂ ಬರಬೇಕು ಎಂದು ಒಟ್ಟಿಲಿ ಹೇಳಿದಳು. ಮುದುಕಿ ಎದ್ದು ಕೂತು ಗೋಡೆಯ ಗೂಟಕ್ಕೆ ಕೈ ಚಾಚಿದಳು. ಅಲ್ಲಿ ತಲೆವಸ್ತ್ರಗಳು ನೇತಾಡುತ್ತಿದ್ದವು. ಒಂದನ್ನು ತೆಗೆದು ಗಲ್ಲದ ಕೆಳಗೆ ಬಿಗಿಯಾಗಿ ಕಟ್ಟಿಕೊಂಡಳು. ಸಾಲ್ಮೆ ಬಾಯಿ ತೆರೆಯುವಷ್ಟರಲ್ಲಿ ಒಟ್ಟಿಲಿ ಅವಳ ಕಾಲು ತುಳಿದಳು. ಎರಡು ವರ್ಷದಿಂದ ಕಪ್ಪು ಬಿಟ್ಟು ಇನ್ನೊಂದು ಬಣ್ಣ ಮುಟ್ಟದ ಅಗಾಟೆಯ ತಲೆಯ ಮೇಲೆ ಈಗ ಕಡುಹಸಿರು ವಸ್ತ್ರವಿತ್ತು. ಕಪ್ಪು ವಸ್ತ್ರ ಪಕ್ಕದ ಗೂಟದಲ್ಲೇ ಇತ್ತು.

"ಎಂಡೆಲ್‌ನ ಸ್ವೆಟರ್ ಇನ್ನೂ ಇಲ್ಲೇ ಇದೆಯಾ ಅಗಾಟೆಯಮ್ಮ?" ಒಟ್ಟಿಲಿ ಮೆಲ್ಲಗೆ ಕೇಳಿದಳು.

ಮುದುಕಿಯ ಕೈ ದಿಂಬನ್ನು ಒತ್ತಿ ಹಿಡಿಯಿತು. "ಅದನ್ನ ಮಾತ್ರ ಕೇಳಬೇಡ" ಎಂದಳು.

ಮಗ್ಗದ ಕೋಣೆಗೆ ಎಲ್ಲರೂ ಬಂದರು. ಪೇಟೆಯ ಹೆಂಗಸರು ಚೀಲಗಳನ್ನು ತೊಡೆಯ ಮೇಲಿಟ್ಟುಕೊಂಡು ಸಾಲಾಗಿ ಕೂತರು. ಹಿಲ್ಯಾ ಬಾಗಿಲಿಗೆ ಒರಗಿ ನಿಂತಳು. ಲೈನೆಯ ಪೆಟ್ಟಿಗೆಯೂ ಆಗಲೇ ಬಾಗಿಲ ಬಳಿ ಬಂದು ಕೂತಿತ್ತು. ಅಗಾಟೆಯನ್ನು ಸಾಲ್ಮೆ ಕೈಹಿಡಿದು ತಂದು ಕುರ್ಚಿಯಲ್ಲಿ ಕೂರಿಸಿದಳು. ಮುದುಕಿ ಒಂದು ಬಟ್ಟೆಗಂಟನ್ನು ಎದೆಗವಚಿಕೊಂಡಿದ್ದಳು.

ಒಟ್ಟಿಲಿ ಒಲೆಯ ಪಕ್ಕ ನಿಂತು, ಯಾವ ಗಡಿಬಿಡಿಯೂ ಇಲ್ಲದೆ ಶುರುಮಾಡಿದಳು. ದುಪ್ಪಟಿ ಎತ್ತಿದಾಗಲೇ ಆ ಪಟ್ಟೆಯನ್ನು ನಾನು ನೋಡಿದ್ದೆ, ಅಂಚು ಎರಡೂ ಕಡೆ ನೇರವಾಗಿತ್ತು, ನೇಯ್ಗೆ ಬಿಗಿಯಾಗಿತ್ತು ಎಂದಳು. ತಾನಾಗಲಿ ಪಿಲ್ಲೆಯಾಗಲಿ ಇವತ್ತು ಕಲಿತ ವಿದ್ಯೆಯಲ್ಲಿ ಅದು ಸಾಧ್ಯವಿಲ್ಲ. ಪಿಲ್ಲೆ ಉಸಿರು ಬಿಟ್ಟಳು. ನೂಲು ಬುಟ್ಟಿಯದಲ್ಲ, ಹಳೆಯ ಹೆಣಿಗೆಯಿಂದ ಬಿಚ್ಚಿ, ಎಂಜಲಲ್ಲಿ ಹೊಸೆದು ಕೂಡಿಸಿದ್ದು. ಬುಟ್ಟಿಯ ತುಂಬ ಕೆಂಪು ನೂಲು ಬಿದ್ದಿರುವಾಗ ಯಾರಾದರೂ ತುಂಡು ತುಂಡು ಕೂಡಿಸುವ ಕಷ್ಟ ಯಾಕೆ ಪಡುತ್ತಾರೆ? ಒಂದೋ ಆ ನೂಲೇ ಬೇಕೆಂಬ ಹಟವಿರಬೇಕು, ಇಲ್ಲವೇ ಬುಟ್ಟಿಯಲ್ಲಿ ಕೆಂಪು ಯಾವುದೆಂದು ಕಾಣದಿರಬೇಕು.

"ಎರಡೂ ಇತ್ತು" ಎಂದಳು ಒಟ್ಟಿಲಿ. "ಕೆಂಪಾದ ಮೇಲೆ ಎರಡು ಎಳೆ ಕಪ್ಪು ಹಾಕಿ ಮುಗಿಸಬೇಕಿತ್ತು. ಕೈಗೆ ಬಂದದ್ದು ಹಸಿರು ಲಾಳಿ. ಲೈನೆ, ನೀನು ಶೋಕದ ಬಟ್ಟೆಗೆ ಹಸಿರು ಹಾಕ್ತೀಯಾ? ಹಿಲ್ಯಾ ಹಾಕ್ತಾಳಾ? ಕಣ್ಣಿದ್ದೋರು ಯಾರೂ ಈ ತಪ್ಪು ಮಾಡಲ್ಲ. ಕಣ್ಣಿಲ್ಲದೆ ಬರೀ ಕೈಯಲ್ಲೇ ಇಷ್ಟು ನೇರ ನೇಯಬೇಕಾದ್ರೆ ಆ ಮಗ್ಗದ ಮೇಲೇ ವಯಸ್ಸು ಕಳೆದಿರಬೇಕು. ಈ ಮಗ್ಗ ನಿನಗೆ ಮುಂಚೆ ಯಾರದಾಗಿತ್ತು?"

ಎಲ್ಲರ ಕಣ್ಣೂ ಅಗಾಟೆಯ ಹಸಿರು ತಲೆವಸ್ತ್ರದ ಮೇಲೆ ಹೋಯಿತು. ನಾವು ಊಟಕ್ಕೆ ಕೂತಾಗ ಅವರ ಕೋಣೆ ಖಾಲಿಯಿತ್ತು, ಸಾರು ಮುಟ್ಟದೆ ಉಳಿಯಿತು, ಉಗ್ರಾಣದ ಬಾಗಿಲು ಮಗ್ಗದ ಹಿಂದೇ ಇದೆ ಎಂದು ಒಟ್ಟಿಲಿ ಮುಗಿಸುವಷ್ಟರಲ್ಲಿ ಲೈನೆ ಬಾಗಿ ಪೆಟ್ಟಿಗೆಯ ಹಿಡಿ ಹಿಡಿದಾಗಿತ್ತು.

"ಗೊತ್ತಿತ್ತು ನನಗೆ" ಎಂದಳು ಲೈನೆ. "ಕಾರೆಲ್ ವಿಷಯ ಕಿವಿಗೆ ಬಿದ್ದಿರಬೇಕು. ಹೋಗು, ಕೆಂಪು ಉಟ್ಕೊಂಡು ಹೋಗು ಅಂತ ಹಂಗಿಸೋಕೆ ಹೀಗೆ ಮಾಡಿದ್ರಿ ಅಲ್ವಾ ಅತ್ತೆ? ಬಾಯಲ್ಲೇ ಹೇಳಬಹುದಿತ್ತು. ಚರ್ಚಿನ ಮುಂದೆ ಹೇಳಲಿಲ್ವಾ?"

"ಕೂತ್ಕೋ ಲೈನೆ" ಎಂದಳು ಒಟ್ಟಿಲಿ. "ಯಾರು ಅಂತಷ್ಟೇ ಹೇಳಿದೀನಿ. ಯಾವ ನೂಲು ಅಂತ ಇನ್ನೂ ಹೇಳಿಲ್ಲ."

ಅವಳು ಮುದುಕಿಯ ಮುಂದೆ ಮಂಡಿಯೂರಿ, ಎದೆಗವಚಿಕೊಂಡ ಗಂಟನ್ನು ತೆಗೆದುಕೊಳ್ಳಲೇ ಎಂದು ಕೇಳಿದಳು. ಅಗಾಟೆ ಬಹಳ ಹೊತ್ತಿನ ಮೇಲೆ ಕೈ ಸಡಿಲಿಸಿದಳು. ಒಟ್ಟಿಲಿ ಅದನ್ನು ಬಿಡಿಸಿ ಎಲ್ಲರಿಗೂ ಕಾಣುವಂತೆ ಹಿಡಿದಳು. ನೀಲಿ ಬಿಳಿ ಚುಕ್ಕೆಗಳ ಗಂಡಸಿನ ಸ್ವೆಟರು. ಕೆಳಗೆ ಕೆಂಪು ಅಂಚು ಇರಬೇಕಾದಲ್ಲಿ ಅಂಚೇ ಇರಲಿಲ್ಲ. ಕತ್ತರಿಯಿಂದ ಬಿಡಿಸಿದ ಕುಣಿಕೆಗಳು ಬಾಯ್ಬಿಟ್ಟುಕೊಂಡು ನಿಂತಿದ್ದವು.

ಸಾಲ್ಮೆ ನಡುವಿಗೆ ಕಟ್ಟಿದ ಏಪ್ರನ್ನಿನ ತುದಿಯನ್ನೆತ್ತಿ ಬಾಯಿ ಮುಚ್ಚಿಕೊಂಡಳು. ಲೈನೆಯ ಕೈಯಿಂದ ಪೆಟ್ಟಿಗೆ ಜಾರಿತು.

"ಇನ್ನು ನೀವೇ ಹೇಳಿ ಅಗಾಟೆಯಮ್ಮ" ಎಂದಳು ಒಟ್ಟಿಲಿ.

ಮುದುಕಿ ಯಾರ ಕಡೆಗೂ ಅಲ್ಲದೆ, ನೇರ ಮುಂದಕ್ಕೆ ನೋಡುತ್ತ ಮಾತಾಡಿದಳು. "ಅವಳು ಮತ್ತೆ ಕಪ್ಪು ಹೂಡಿದಾಳೆ ಅಂತ ಹಿಲ್ಯಾ ಹೇಳಿದ್ಲು. ನನಗೆ ಕಾಣ್ತಿರಲಿಲ್ವಲ್ಲ. ಯಾವಾಗ್ಲೋ ಕೆಂಪಿಗೆ ಬಂದಿರಬೇಕು ಅಂದ್ಕೊಂಡಿದ್ದೆ. ಅಂಚಿನ ಕೆಂಪು ಎಲ್ಲಿದೆ ಅಂತ ನನ್ನ ಬೆರಳಿಗೆ ಗೊತ್ತು. ರಾತ್ರಿ ಎಲ್ಲಾ ಮುಟ್ಕೊಂಡೇ ಮಲಗ್ತಿದ್ದೆ. ಅವನಿಗೆ ಅಂತ ಇವಳೇ ಹೆಣೆದಿದ್ದು. ಇವಳು ಒಗೆದಳು, ಒಣಗಲಿಲ್ಲ, ಅಷ್ಟೇ. ಬಿಸಿಲು ಬಾರದೇ ಇದ್ದದ್ದಕ್ಕೆ ಇವಳೇನು ಮಾಡ್ತಾಳೆ."

"ಅತ್ತೆ" ಎಂದಳು ಲೈನೆ.

"ಬಾಯಲ್ಲಿ ಹೇಳಕ್ಕೆ ಬರಲಿಲ್ಲ ಕಣೇ. ಅವತ್ತು ಬಾಯಲ್ಲಿ ಆಡಿದ್ದು ಇನ್ನೂ ಹೋಗಿಲ್ಲ ನಮ್ಮನೆಯಿಂದ. ಅದಕ್ಕೇ ಕೈಯಲ್ಲಿ ಹೇಳೋಣ ಅಂತ ಹೋದೆ. ಆ ರಕ್ಷೆ ಅವನಿಗೆ ಆಗಲಿಲ್ಲ, ನಿನಗಾದ್ರೂ ಆಗಲಿ ಅಂತ."

ಕೋಣೆಯಲ್ಲಿ ಒಲೆಯೊಳಗಿನ ಸೌದೆ ಚಿಟಗುಟ್ಟುವುದು ಕೇಳಿಸಿತು. ಆಗಲೇ ಲೈನೆಗೆ ನೆನಪಾದದ್ದು. ಅವಳು ಓಡಿಹೋಗಿ ಒಲೆಯ ಬಾಗಿಲನ್ನು ಬರಿಗೈಯಲ್ಲೇ ಎಳೆದಳು. ಬೆರಳು ಸುಟ್ಟರೂ ಬಿಡದೆ ಕಡ್ಡಿಯಿಂದ ಬೂದಿ ಕೆದಕಿದಳು. ಉಣ್ಣೆ ಸುಟ್ಟ ಕರಿಕಲು ಬಿಟ್ಟು ಅಲ್ಲಿ ಇನ್ನೇನಿತ್ತು. ತನ್ನ ಕೈಯಲ್ಲಿ ಹೆಣೆದದ್ದು, ಗಂಡ ತೊಟ್ಟದ್ದು, ಎರಡು ವರ್ಷ ಅವನ ತಾಯಿ ಮುಟ್ಟಿ ಮಲಗಿದ್ದು, ತಪ್ಪಾಯಿತು ಎಂದು ಕಳಿಸಿದ್ದು, ಎಲ್ಲವನ್ನೂ ಅವಳೇ ಹಾಕಿ ಸುಟ್ಟಿದ್ದಳು. ಅವಳು ಒಲೆಯ ಮುಂದೆ ಕುಸಿದು, ಎಂಡೆಲ್ ಹೋದ ದಿನವೂ ಅಳದಂತೆ ಅತ್ತಳು.

"ಏನಾಯ್ತು? ಯಾಕೆ ಅಳ್ತಿದಾಳೆ?" ಅಗಾಟೆ ಕೇಳಿದಳು. ಊಟದ ನಂತರ ನಡೆದದ್ದನ್ನು ಯಾರೂ ಅವಳಿಗೆ ಹೇಳಿರಲಿಲ್ಲ. ಸಾಲ್ಮೆಯೇ ಅವಳ ಭುಜ ಹಿಡಿದು, ಇದ್ದದ್ದನ್ನು ಇದ್ದ ಹಾಗೆ ಹೇಳಿದಳು.

ಮುದುಕಿ ಸ್ವೆಟರನ್ನು ಕೈಗೆ ತೆಗೆದುಕೊಂಡು ಕೊರಳಿನ ಸುತ್ತ ಬೆರಳಾಡಿಸಿದಳು. "ಇಲ್ಲಿ ಇನ್ನೊಂಚೂರು ಕೆಂಪಿದೆ" ಎಂದಳು. "ಕತ್ರಿ ಕೊಡು ಸಾಲ್ಮೆ."

ಲೈನೆ ತೆವಳಿಕೊಂಡೇ ಬಂದು ಅವಳ ಕೈ ಹಿಡಿದಳು. "ಬೇಡ ಅತ್ತೆ. ಅದು ನಿಮಗಿರಲಿ. ನಿಮಗೆ ಮುಟ್ಟೋಕೆ ಬೇಕಲ್ಲ."

ಒಟ್ಟಿಲಿ ಕನ್ನಡಕದ ಡಬ್ಬಿ ತೆರೆದು, ಗೇಣುದ್ದದ ಆ ಎಳೆಯನ್ನು ಲೈನೆಯ ಸುಟ್ಟ ಬೆರಳುಗಳ ನಡುವೆ ಇಟ್ಟಳು. ಸಾಕ್ಷಿಯ ಕೆಲಸ ಮುಗಿಯಿತು, ಇನ್ನು ಇದು ನಿನ್ನದು ಎಂದಳು. ಎಷ್ಟೋ ತಪ್ಪಿತಸ್ಥರನ್ನು ಹಿಡಿದುಕೊಟ್ಟ ಒಟ್ಟಿಲಿಯ ದನಿ ಹಾಗೆ ಒಡೆದದ್ದನ್ನು ಸಾಲ್ಮೆ ಅದಕ್ಕೆ ಮುಂಚೆ ಕೇಳಿರಲಿಲ್ಲ.

ದೋಣಿಯ ಸಿಳ್ಳು ಕೇಳಿಸಿತು. ಪೇಟೆಯ ಹೆಂಗಸರು ಸದ್ದಿಲ್ಲದೆ ಎದ್ದು ಹೋದರು. ಪಿಲ್ಲೆ ಹೋಗುವಾಗ ಲೈನೆಯ ಪೆಟ್ಟಿಗೆಯನ್ನು ಬಾಗಿಲ ಬಳಿಯಿಂದ ಎತ್ತಿ ಒಳಗೆ ಗೋಡೆಗೆ ಸರಿಸಿಟ್ಟಳು. ಕಾರೆಲ್ ದಕ್ಕೆಯ ಮೇಲೆ ಕಾಯುತ್ತಿರುತ್ತಾನೆ, ಅವನಿಗೇನು ಹೇಳಲಿ ಎಂದು ಹಿಲ್ಯಾ ಪಿಸುಗುಟ್ಟಿದಳು. ಇವತ್ತು ಏನೂ ಹೇಳಬೇಡ ಎಂದು ಒಟ್ಟಿಲಿ ಅವಳನ್ನೂ ಕಳಿಸಿದಳು.

ಲೈನೆ ಮಗ್ಗಕ್ಕೆ ಕೂತಳು. ಹಸಿರು ಎಳೆಗಳನ್ನು ಅವಳು ಕೀಳಲಿಲ್ಲ. ಅದರ ಮೇಲೆ ಕಪ್ಪು ನೇಯ್ದು, ನಡುವೆ ಕೆಂಪಿನ ಆ ಗೇಣುದ್ದದ ತುಂಡನ್ನು ಹಾಸಿನೊಳಗೆ ಸೇರಿಸಿ, ಮತ್ತೆ ಕಪ್ಪು ಹಾಕಿ ಬಡಿದಳು. ಅದು ಯಾವ ಅಂಚನ್ನೂ ಮುಟ್ಟಲಿಲ್ಲ. ಅಷ್ಟಗಲದ ಕರಿ ಬಟ್ಟೆಯ ನಡುವೆ ಸುಮ್ಮನೆ ಗೀರಿದ ಹಾಗೆ ಕಾಣುತ್ತಿತ್ತು.

ಸಾಲ್ಮೆ ಬಾಗಿಲಲ್ಲಿ ನಿಂತು ತಿರುಗಿ ನೋಡಿದಳು. ಅಗಾಟೆ ಸೊಸೆಯ ಪಕ್ಕ ಬಂದು ಬಟ್ಟೆಯ ಮೇಲೆ ಅಂಗೈ ಸವರುತ್ತಿದ್ದಳು.

"ಎಲ್ಲಿದೆ?"

"ಇಲ್ಲಿ ಅತ್ತೆ" ಎಂದು ಲೈನೆ ಅವಳ ಬೆರಳು ಹಿಡಿದು ಅದರ ಮೇಲಿಟ್ಟಳು.

ಮುದುಕಿ ಆ ತುದಿಯಿಂದ ಈ ತುದಿಗೆ ಬೆರಳೆಳೆದಳು. ಹೊಸೆದು ಕೂಡಿಸಿದ ಉಬ್ಬಿನ ಮೇಲೆ ಬೆರಳು ನಿಂತಿತು. ಮತ್ತೆ ಮೊದಲಿನಿಂದ ಎಳೆದಳು. ಲೈನೆ ಅವಳ ಭುಜಕ್ಕೆ ತಲೆಯಿಟ್ಟು ಕೂತಿದ್ದಳು. ಒಟ್ಟಿಲಿ ಹೊರಗಿನಿಂದ ಬಾಗಿಲು ಎಳೆದುಕೊಂಡಳು. ಮನೆಯವರೆಗೂ ಸಾಲ್ಮೆ ಬೈಕಿನ ತೊಟ್ಟಿಲಲ್ಲಿ ಅಳುತ್ತಲೇ ಇದ್ದಳು, ಒಟ್ಟಿಲಿ ಒಂದು ಸಲವೂ ಸುಮ್ಮನಿರು ಎನ್ನಲಿಲ್ಲ.